ಹಿಂದಿನಿಂದ ಕಂಡವನು

ನೀರಿನ ಲೋಟ ಕೈಗಿತ್ತವಳು ಅವನ ಮಗಳೇ.

“ತಗೊಳ್ಳಿ ಅಂಕಲ್, ಬೇಗ ಬೇಗ!”

ಅವನು ತೆಗೆದುಕೊಂಡ. ಕಾಲು ತಾನಾಗಿ ನಿಂತಿತು. ಮಗಳ ಕಣ್ಣು ಆಗಲೇ ಅವನ ಭುಜ ದಾಟಿ ಹಿಂದಿನವನ ಕಡೆ ಹೋಗಿತ್ತು, ಕೈಯಲ್ಲಿ ಇನ್ನೊಂದು ಲೋಟ ಸಿದ್ಧವಾಗಿತ್ತು. ಈ ಮನುಷ್ಯ ಇನ್ನೂ ಇಲ್ಲೇ ನಿಂತಿದ್ದಾನಲ್ಲ ಎಂಬಂತೆ ಅವಳು ಮತ್ತೆ ಅವನನ್ನು ನೋಡಿದಳು.

ಹೆಂಡತಿ ಅವಳ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಹಿಂದೆ ಮಡಿಚುವ ಕುರ್ಚಿಯಲ್ಲಿ ಮಾವ, ಎರಡೂ ಕೈ ಊರುಗೋಲಿನ ಮೇಲೆ. ಮೂವರೂ ಅವನನ್ನು ನೋಡಲೆಂದೇ ಭಾನುವಾರದ ನಿದ್ದೆ ಬಿಟ್ಟು ಬಂದವರು. ಮೂವರೂ ಅವನನ್ನೇ ನೋಡುತ್ತಿದ್ದರು. ಆದರೆ ಆ ನೋಟಗಳಲ್ಲಿ ಅವನಿರಲಿಲ್ಲ.

ತಪ್ಪು ಅವರದಲ್ಲ. ಓಡುವವರಿಗೆಲ್ಲ ಒಂದೇ ಹಳದಿ ಅಂಗಿ ಹಂಚಿದ್ದರು. ತುಂತುರು ಮಳೆಗೆ ಮಸುಕಾದ ಕನ್ನಡಕವನ್ನು ಅವನು ತೆಗೆದು ಜೇಬಿಗಿಟ್ಟಿದ್ದ. ಟೋಪಿಯ ಕೆಳಗೆ ಇಳಿಬಿಟ್ಟ ಒದ್ದೆ ಕರವಸ್ತ್ರ ಕಿವಿ, ಕೆನ್ನೆಗಳನ್ನು ಮುಚ್ಚಿತ್ತು. ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ಮುಕ್ಕಾಲು ದಾರಿ ಸವೆಸಿದ ಮುಖ ಮನೆಯಲ್ಲಿ ಕಾಣುವ ಮುಖವಾಗಿ ಉಳಿದಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಇಷ್ಟು ಬೇಗ ಬರುತ್ತಾನೆಂದು ಅವರು ಎಣಿಸಿರಲಿಲ್ಲ. ಅವರು ಕಾಯುತ್ತಿದ್ದದ್ದು ಹಳೆಯವನನ್ನು, ತಡವಾಗಿ ಬರುವವನನ್ನು.

“ಭೇಷ್! ಹಾಗೇ ಓಡಿ, ನಿಲ್ಲಬೇಡಿ!” ಎಂದಳು ಹೆಂಡತಿ.

ಅವಳ ಮುಖ ಅರಳಿತ್ತು. ಯಾರೋ ಒಬ್ಬ ದಣಿದವನು ಗೆಲ್ಲಲಿ ಎಂಬ, ಯಾವ ಲೆಕ್ಕಾಚಾರವೂ ಇಲ್ಲದ ಸಂತೋಷ. ಆ ಮುಖವನ್ನು ಅವನು ಕಂಡು ಎಷ್ಟು ಕಾಲವಾಗಿತ್ತೋ. ‘ನಾನೇ ಕಣೇ’ ಎಂಬ ಮಾತು ಗಂಟಲವರೆಗೆ ಬಂತು. ಹೇಳಿದರೆ ಈ ಮುಖ ಹೋಗಿ ಇನ್ನೊಂದು ಬರುತ್ತದೆ: ಕನ್ನಡಕ ಎಲ್ಲಿ, ಮಂಡಿ ನೋಯುತ್ತಿದೆಯಾ, ಬೆಳಿಗ್ಗೆ ಬಾಳೆಹಣ್ಣು ತಿಂದಿರಾ ಎಂದು ಕೇಳುವ ಮುಖ. ಒಳ್ಳೆಯ ಮುಖವೇ. ಅದರ ಬಗ್ಗೆ ಅವನಿಗೆ ದೂರಿರಲಿಲ್ಲ.

ಅವನು ನೀರು ಕುಡಿದು, ಲೋಟವನ್ನು ಬುಟ್ಟಿಗೆಸೆದು, ಓಡಿದ.

ಮೂಲೆ ತಿರುಗಿದ ಮೇಲೆ ಕಣ್ಣು ತುಂಬಿಬಂತು. ದುಃಖವೇ ಎಂದು ತನ್ನನ್ನೇ ಕೇಳಿಕೊಂಡ. ಅಲ್ಲ. ಎದೆಯಲ್ಲಿ ಬೆಚ್ಚಗೆ ಏಳುತ್ತಿದ್ದದ್ದು ಕೃತಜ್ಞತೆ. ತಾನು ಯಾರೆಂದು ತಿಳಿಯದೆ ತನಗೆ ನೀರು ಕೊಟ್ಟರು. ತಿಳಿದು ಕೊಟ್ಟದ್ದನ್ನು ಅವನಿಗೆ ಎಂದೂ ಹೀಗೆ ನೆಮ್ಮದಿಯಿಂದ ಕುಡಿಯಲಾಗಿರಲಿಲ್ಲ.

ಮನೆಯಲ್ಲಿ ಈ ಓಟಕ್ಕಾಗಿ ಏನು ಕಡಿಮೆ ನಡೆದಿತ್ತು? ಬೆಳಕು ಹರಿಯುವ ಮುಂಚೆ ಅವನು ಎದ್ದರೆ ಅವನಿಗಿಂತ ಮುಂಚೆ ಹೆಂಡತಿ ಎದ್ದಿರುತ್ತಿದ್ದಳು. ಅವಳು ಪ್ರಾಥಮಿಕ ಶಾಲೆಯ ಮೇಡಂ. ಮೂವತ್ತು ಮಕ್ಕಳ ಗಲಾಟೆ ಅವಳಿಗಾಗಿ ಕಾದಿದ್ದರೂ ಕಾಫಿ ಕೊಟ್ಟು, ಬಾಗಿಲವರೆಗೆ ಬಂದು, ಅವನು ರಸ್ತೆಯ ತುದಿ ಮುಟ್ಟುವ ತನಕ ನಿಂತಿರುತ್ತಿದ್ದಳು. ಮಗಳು ತನ್ನ ಹುಟ್ಟುಹಬ್ಬದ ಗಡಿಯಾರವನ್ನು ಅವನಿಗೆ ಸಾಲ ಕೊಟ್ಟಿದ್ದಳು. ಮಾವ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಗೆಣಸು, ಮೊಟ್ಟೆ ಬೇಯಿಸುವುದು ಅವರ ಪಾಲು. “ಎಂಜಿನ್ನಿಗೆ ಮೊದ್ಲು ಡೀಸೆಲ್ಲು ಅಳಿಯಂದ್ರೇ, ಆಮೇಲೆ ಹಾರ್ನು,” ಎನ್ನುತ್ತಿದ್ದರು. ಹಿಂದಿನ ಓಟಗಳಲ್ಲೆಲ್ಲ ಎರಡು ಗಂಟೆಯೊಳಗೆ ಮುಗಿಸಲಾಗದೆ ಅವನು ಸೋತು ಬಂದಾಗ ಮೂವರೂ ಸೇರಿ ಅವನಿಗೆ ಸಮಾಧಾನ ಹೇಳಿದ್ದರು. ಅವನಿಗಿಂತ ಅವರಿಗೇ ಹೆಚ್ಚು ಬೇಸರವಾಗಿತ್ತು.

ಅವನು ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳುತ್ತಿದ್ದ. ಕಾಫಿಗೆ, ಒಗೆದ ಕಾಲುಚೀಲಕ್ಕೆ, ಮೊಟ್ಟೆಗೆ. ಮೊದಮೊದಲು ಹೆಂಡತಿ ನಕ್ಕಳು. ಆಮೇಲೊಂದು ದಿನ, “ನಾನೇನು ಹೋಟೆಲ್ ಇಟ್ಟಿದೀನಾ?” ಎಂದಳು. ಇನ್ನೊಂದು ದಿನ, “ಮನೆಯವ್ರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನ್ರೀ? ಬಂದುಹೋಗೋರು ಹೇಳೋ ಮಾತು ಅದು,” ಎಂದಳು. ಅವನು ಪೆಚ್ಚಾಗಿ ‘ಸಾರಿ’ ಎಂದ. ಅವಳು ಆಗ ನಗಲಿಲ್ಲ.

ಅವನಾದರೂ ಏನು ಮಾಡಬೇಕಿತ್ತು? ಅವನಿಗೆ ನಿಜವಾಗಿಯೂ ಕೃತಜ್ಞತೆಯಿತ್ತು. ಅದು ಬಿಟ್ಟು ಬೇರೆ ಏನಿದೆ ಎಂದು ಮನಸ್ಸನ್ನು ತಡಕಾಡಿದರೆ, ದೀಪವಿಲ್ಲದ ಕೋಣೆಯಲ್ಲಿ ಸ್ವಿಚ್ಚು ಹುಡುಕಿದಂತೆ ಕೈಗೆ ಬರೀ ಗೋಡೆ ಸಿಗುತ್ತಿತ್ತು.

ವೃತ್ತಿಯಿಂದ ಬಂದ ರೋಗವಿರಬಹುದು ಎಂದು ಒಮ್ಮೆ ಅಂದುಕೊಂಡಿದ್ದ. ಅವನು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯ. ಜನರ ಮಾತಿನಲ್ಲಿ ಮತ್ತು ಕೊಡೋ ಡಾಕ್ಟರು. ಆ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಮಾಡಿದವನು ಯಾರಿಗೂ ನೆನಪಿರುವುದಿಲ್ಲ. ರೋಗಿ ಕಣ್ಣು ಮುಚ್ಚುವಾಗ ಕೊನೆಗೆ ಕಾಣುವುದು ಅವನ ಮುಖ, ಕಣ್ಣು ಬಿಡುವಾಗ ಮೊದಲು ಕಾಣುವುದೂ ಅದೇ. ನಡುವಿನ ಹೊತ್ತೆಲ್ಲ ಆ ಜೀವ ಅವನ ಕೈಯಲ್ಲಿ. ಎದ್ದ ಮೇಲೆ ಅವರು ಕೈಮುಗಿಯುವುದು ಕತ್ತರಿ ಹಿಡಿದವನಿಗೆ. ಅದರ ಬಗ್ಗೆಯೂ ಅವನಿಗೆ ದೂರಿರಲಿಲ್ಲ.

ಗುರಿಯ ಗೆರೆಯ ಮೇಲೆ ತೂಗುಹಾಕಿದ್ದ ಗಡಿಯಾರದಲ್ಲಿ ಎರಡು ಗಂಟೆಯಾಗಲು ಇನ್ನೂ ಸ್ವಲ್ಪ ಬಾಕಿಯಿತ್ತು. ಅವನು ಗೆರೆ ದಾಟಿದ. ಯಾರೋ ಕೊರಳಿಗೆ ಪದಕ ಹಾಕಿದರು. “ಥ್ಯಾಂಕ್ಸ್,” ಎಂದ. ಯಾರೋ ಬೆನ್ನಿಗೆ ಬಟ್ಟೆ ಹೊದಿಸಿದರು. “ಥ್ಯಾಂಕ್ಸ್.” ಇಲ್ಲಿ ಯಾರಿಗೂ ಆ ಮಾತಿನಿಂದ ನೋವಾಗಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡ. ಸುತ್ತ ಹಳದಿ ಅಂಗಿಯವರು ಹುಲ್ಲಿನ ಮೇಲೆ ಬಿದ್ದುಕೊಂಡು ನಗುತ್ತಿದ್ದರು. ಅವನೂ ಕೂತ. ಇನ್ನು ಮುಂದೆ ಏನು ಎಂಬುದು ಹೊಳೆಯಲಿಲ್ಲ. ಎರಡು ಗಂಟೆಯ ಆಚೆ ಇದ್ದದ್ದೆಲ್ಲ ಎರಡು ಗಂಟೆಯ ಈಚೆಯೂ ಇತ್ತು.

ಬಹಳ ಹೊತ್ತಾದ ಮೇಲೆ ಮೂವರೂ ಬಂದರು. ಮಗಳು ಓಡಿಬಂದಳು.

“ಅಪ್ಪಾ! ನೀನು ಎಲ್ಲಿಂದ ಬಂದೆ? ನಾವು ಅಲ್ಲೇ ಕಾಯ್ತಾ ಇದ್ವಿ!”

“ಆ ಕಡೆಯಿಂದ ಹೋದೆ ಅನ್ಸುತ್ತೆ. ಗುಂಪಿತ್ತು.”

“ಎಲ್ಲಾರ್ಗೂ ನೀರು ಕೊಟ್ಟೆ ಅಪ್ಪ. ನಿಂಗೊಬ್ನಿಗೇ ಕೊಡ್ಲಿಲ್ಲ.”

“ಅಯ್ಯೋ, ಅದಕ್ಕೇನು? ಬೇರೆಯವ್ರು ಕೊಟ್ರು.”

ಮಾವ ಊರುಗೋಲು ಊರುತ್ತ ಬಂದು ಪದಕವನ್ನು ಹಿಡಿದು ನೋಡಿದರು. “ಸ್ಟಾಪಲ್ಲಿ ಜನ ನಿಂತಿದಾರೆ, ಬಸ್ಸು ನಿಲ್ಸದೆ ಹೊಡ್ಕೊಂಡು ಹೋಗ್ಬಿಟ್ರಲ್ಲ ಅಳಿಯಂದ್ರೇ! ನಮ್ಮ ಕಾಲದಲ್ಲಾಗಿದ್ರೆ ಸಸ್ಪೆಂಡು!” ಎಂದು ನಕ್ಕರು. “ಓಡಿದವನಿಗೆ ಓಣಿ ಕಾಣಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಎರಡರೊಳಗೆ ಬಂತು ತಾನೇ?”

“ಬಂತು ಮಾವ. ನಿಮ್ಮಿಂದ.”

“ನನ್ನಿಂದ ಏನು? ಓಡಿದ್ದು ನೀವು, ಬೆಂದಿದ್ದು ಗೆಣಸು.”

ಹೆಂಡತಿ ಛತ್ರಿಯ ನೀರು ಕೊಡವುತ್ತಿದ್ದಳು. ಕೊಡವಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕೊಡವಿದಳು. ಆಮೇಲೆ ಚೀಲದಿಂದ ಟವೆಲು ತೆಗೆದು ಅವನ ಕೈಗೆ ಕೊಟ್ಟಳು. ಅವನ ತುದಿನಾಲಿಗೆಗೆ ಆ ಮಾತು ಬಂದೇಬಿಟ್ಟಿತು. ನುಂಗಿಕೊಂಡ.

“ಹೇಳಿ, ಪರವಾಗಿಲ್ಲ,” ಎಂದಳು ಅವಳು, ಅವನ ಮುಖ ನೋಡದೆ.

ಮನೆಯಲ್ಲಿ ಸ್ನಾನವಾಯಿತು. ಮೆಟ್ಟಿಲಿಳಿದು ಊಟದ ಕೋಣೆಗೆ ಬರಲು ಅವನು ಗೋಡೆ ಹಿಡಿದುಕೊಂಡ. ಮಾವ ಪಕ್ಕದ ಮನೆಯವರಿಗೆ ಕಿಟಕಿಯಿಂದಲೇ ಅಳಿಯನ ಸುದ್ದಿ ಸಾರುತ್ತಿದ್ದರು. ಅವರ ಬಾಯಲ್ಲಿ ಓಟದ ದೂರ ಆಗಲೇ ಬೆಳೆದಿತ್ತು. ಮೇಜಿನ ಮೇಲೆ ಅವನಿಗಿಷ್ಟವಾದದ್ದೆಲ್ಲ ಇತ್ತು. ಕಿಟಕಿಯ ಬಿಸಿಲು ತಟ್ಟೆಗಳ ಅಂಚಿನಲ್ಲಿ ಮಿನುಗುತ್ತಿತ್ತು. ಎಷ್ಟು ಒಳ್ಳೆಯವರು ಇವರು ಎಂದು ಅವನು ನೆನೆದ. ಎಷ್ಟು ಅದೃಷ್ಟವಂತ ಈ ಮನೆಯ ಯಜಮಾನ.

ಊಟದ ನಡುವೆ ಮಗಳು ಇದ್ದಕ್ಕಿದ್ದಂತೆ ಹೇಳಿದಳು:

“ಅಪ್ಪ, ಒಬ್ರು ಅಂಕಲ್ ನೀರು ಇಸ್ಕೊಂಡು ಹಾಗೇ ನಿಂತ್ಬಿಟ್ರು. ನನ್ನನ್ನೇ ನೋಡ್ತಾ.”

ಅವನ ಕೈ ತಟ್ಟೆಯಲ್ಲೇ ಉಳಿಯಿತು. “ಹೆದರಿಕೆ ಆಯ್ತಾ?”

“ಇಲ್ಲ. ಪಾಪ ಅನ್ನಿಸ್ತು.”

“ಪಾಪ ಯಾಕೆ?”

ಮಗಳು ಯೋಚಿಸಿದಳು. “ಅವ್ರಿಗೋಸ್ಕರ ಯಾರೂ ಬಂದಿರ್ಲಿಲ್ಲ ಅನ್ಸುತ್ತೆ.”

ಮಾವ ನೀರು ಕೇಳಿದರು. ಹೆಂಡತಿ ಎದ್ದು ಒಳಗೆ ಹೋದಳು. ಈಗ ಹೇಳಿಬಿಡಬಹುದು, ನಗುನಗುತ್ತ ಹೇಳಿಬಿಟ್ಟರೆ ಇದೊಂದು ತಮಾಷೆಯ ಕತೆಯಾಗುತ್ತದೆ, ಮಾವ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ನಗುತ್ತಾರೆ. ಅವನು ಬಾಯಿ ತೆರೆದ. ಮಗಳ ಮುಖದಲ್ಲಿ ಆ ಅಪರಿಚಿತನ ಬಗ್ಗೆ ಇನ್ನೂ ಮರುಕವಿತ್ತು. ಅದನ್ನು ಕಿತ್ತುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಕಿತ್ತುಕೊಂಡರೆ ಅದು ತನಗೂ ಉಳಿಯುವುದಿಲ್ಲ.

“ಒಳ್ಳೇ ಕೆಲಸ ಮಾಡಿದೆ ಮಗಳೇ. ಅವ್ರಿಗೆ ಖುಷಿಯಾಗಿರುತ್ತೆ,” ಎಂದ.

ಊಟ ಮುಗಿದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಆ ದಿನ ಇರಬೇಕಾದ ವೈದ್ಯರಿಗೆ ಜ್ವರ. ವಯಸ್ಸಾದ ಹೆಂಗಸೊಬ್ಬಳು ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಾಳೆ, ಬರಲಾಗುತ್ತದೆಯೇ ಎಂದು ಕೇಳಿದರು. ಬರುತ್ತೇನೆ ಎಂದ. ಬೇಡವೆನ್ನಬಹುದಾಗಿತ್ತು, ಬೆಳಿಗ್ಗೆ ಅಷ್ಟು ದೂರ ಓಡಿದವನಿಗೆ ಯಾರೂ ಬಲವಂತ ಮಾಡುತ್ತಿರಲಿಲ್ಲ. ಆದರೆ ಹೊರಡಲು ಒಂದು ಕಾರಣ ಸಿಕ್ಕಿದ್ದಕ್ಕೆ ಅವನಿಗೆ ಆ ಜ್ವರದ ಬಗ್ಗೆಯೂ ಕೃತಜ್ಞತೆ ಮೂಡಿತು.

ಬಾಗಿಲ ಬಳಿ ಬೂಟು ಹಾಕಿಕೊಳ್ಳಲು ಬಗ್ಗಲಾಗಲಿಲ್ಲ. ಹೆಂಡತಿ ಕೂತು ಲೇಸು ಕಟ್ಟಿದಳು.

“ಹಳದಿ ಅಂಗಿಯವ್ರೆಲ್ಲ ಒಂದೇ ಥರ ಕಾಣ್ತಿದ್ರು,” ಎಂದಳು, ಬೂಟಿಗೆ ಹೇಳುವಂತೆ.

“ಹೂಂ.”

“ಒಂದ್ಸಲ ಕೂಗಬಹುದಿತ್ತು.”

ಅವನು ಅವಳ ನೆತ್ತಿಯ ಬೈತಲೆಯನ್ನು ನೋಡಿದ. “ಉಸಿರಿರ್ಲಿಲ್ಲ.”

“ಹೂಂ.”

“ಯಾವಾಗ ಗೊತ್ತಾಯ್ತು?”

“ದಾಟಿದ್ಮೇಲೆ. ಮುಂದಿಂದ ಗೊತ್ತಾಗ್ಲಿಲ್ಲ. ಹಿಂದಿಂದ ಗೊತ್ತಾಯ್ತು.” ಗಂಟನ್ನು ಎಳೆದು ಬಿಗಿಮಾಡಿದಳು. “ದಿನಾ ಬಾಗಿಲಲ್ಲಿ ನಿಂತು ಹಿಂದಿಂದ ತಾನೇ ನೋಡೋದು. ಅಭ್ಯಾಸ.”

“ಮತ್ತೆ ಅಷ್ಟು ಹೊತ್ತು ಅಲ್ಲೇ ಯಾಕೆ ನಿಂತಿದ್ರಿ?”

“ಅಪ್ಪಂಗೆ, ಅವಳಿಗೆ ಏನಂತ ಹೇಳೋದು? ಇವ್ರು ನಮ್ಮನ್ನ ನೋಡಿಯೂ ಮಾತಾಡಿಸ್ದೆ ಹೋದ್ರು ಅಂತಾನಾ?”

ಅವಳು ಎದ್ದು ನಿಂತಳು. ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

“ನೀನು ‘ಭೇಷ್’ ಅಂದಿದ್ದು ಕೇಳಿಸ್ತು,” ಎಂದ ಅವನು. “ತುಂಬಾ ಖುಷಿಯಾಯ್ತು.”

“ಅದನ್ನ ನಾನು ನಿಮಗೆ ಅಂದಿದ್ದಲ್ಲ.”

“ಗೊತ್ತು.”

“ಎಷ್ಟೊತ್ತಿಗೆ ಬರ್ತೀರಿ?”

“ಮುಗಿದ ಕೂಡ್ಲೇ.”

ಕಾರಿನ ಕಡೆ ಹೋಗುವಾಗ ತನ್ನ ಬೆನ್ನು ಅವನಿಗೆ ಮೊದಲ ಬಾರಿಗೆ ಭಾರವೆನಿಸಿತು. ಅವಳು ನಿಂತಿದ್ದಾಳೆ ಎಂದು ಗೊತ್ತಿತ್ತು. ತಿರುಗಿ ನೋಡಬಹುದಿತ್ತು. ಕುತ್ತಿಗೆಯೂ ಹಿಡಿದುಕೊಂಡಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ.

ಮೂಳೆಯ ಶಸ್ತ್ರವೈದ್ಯನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬಡಗಿ ಎನ್ನುತ್ತಿದ್ದರು. ಅವನಿಗೂ ಆ ಹೆಸರು ಇಷ್ಟವೇ. “ಏನ್ರೀ, ಕುಂಟ್ತಾ ಇದೀರಿ? ನಿಮ್ಮನ್ನೂ ಮಲಗಿಸಿ ಒಂದು ಮೊಳೆ ಹೊಡೀಲಾ?” ಎಂದು ಬಡಗಿ ಸ್ವಾಗತಿಸಿದ. ಓಟದ ವಿಷಯ ಕೇಳಲಿಲ್ಲ. ಇವನೂ ಹೇಳಲಿಲ್ಲ.

ಮುದುಕಿ ತುಂಬ ಹಗುರವಾಗಿದ್ದಳು. ಮಂಚದ ಪಕ್ಕದಲ್ಲಿ ಅವಳ ಅಣ್ಣನ ಮಗ ನಿಂತಿದ್ದ.

“ಆಪರೇಷನ್ ಮಾಡೋರು ನೀವೇನಾ ಡಾಕ್ಟ್ರೇ?”

“ಅಲ್ಲ. ಮತ್ತು ಕೊಡೋನು.”

“ಓ,” ಎಂದು ಆತ ಬಾಗಿಲ ಕಡೆ ನೋಡಿದ.

ಬೆನ್ನಿಗೆ ಸೂಜಿ ಚುಚ್ಚಿ ಕೆಳಭಾಗವನ್ನಷ್ಟೇ ಮರಗಟ್ಟಿಸೋಣ ಎಂದರೆ ಮುದುಕಿ ನೋವಿನಿಂದ ಮಗ್ಗುಲಾಗಲಾರದೆ ಚೀರಿದಳು. ಪೂರ್ತಿ ಮಲಗಿಸುವುದೆಂದಾಯಿತು. ಅವನು ಅವಳ ತಲೆಯ ಬಳಿ ಸ್ಟೂಲು ಎಳೆದುಕೊಂಡು ಕೂತ. ಅವನ ಸ್ಥಳ ಯಾವಾಗಲೂ ಅದೇ. ರೋಗಿಗಳ ಮುಖ ಅವನಿಗೆ ತಲೆಕೆಳಗಾಗಿಯೇ ಪರಿಚಯ.

“ಏನೂ ಭಯ ಬೇಡ ಅಮ್ಮ. ನಾನಿಲ್ಲೇ ಇರ್ತೀನಿ.”

“ಎಷ್ಟೊತ್ತು?”

“ನೀವು ಏಳೋವರೆಗೂ.”

“ಎಲ್ಲಾರೂ ಹಂಗೇ ಅಂತಾರೆ,” ಎಂದಳು ಮುದುಕಿ. ಹಾಲಿನಂಥ ಬಿಳಿ ಔಷಧ ರಕ್ತನಾಳದೊಳಗೆ ಇಳಿಯಿತು. ಅವಳ ಮುಖದ ಸುಕ್ಕುಗಳು ಒಂದೊಂದಾಗಿ ಸಡಿಲಗೊಂಡವು. ಅವನು ದವಡೆಯನ್ನು ಮೆಲ್ಲಗೆ ಮುಂದಕ್ಕೆತ್ತಿ, ಉಸಿರಿನ ದಾರಿ ತೆರೆದು, ಗಂಟಲಿಗೆ ಕೊಳವೆ ಇಳಿಸಿ, ಅವಳ ಉಸಿರನ್ನು ತನ್ನ ವಶಕ್ಕೆ ತೆಗೆದುಕೊಂಡ.

ಪರದೆಯಾಚೆ ಸುತ್ತಿಗೆಯ ಸದ್ದು. ಈಚೆ ಹೃದಯದ ಟಿಕ್ ಟಿಕ್. ಅವನ ಕಣ್ಣು ಮಾನಿಟರಿನ ಅಂಕಿಗಳ ಮೇಲಿತ್ತು. ಇಲ್ಲಿ ಅವನಿಗೆ ಎಲ್ಲವೂ ತಿಳಿಯುತ್ತಿತ್ತು: ಈ ಹೆಂಗಸಿಗೆ ಈಗ ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು. ಅವಳು ಕೇಳದೆಯೇ ಕೊಡುತ್ತಿದ್ದ. ಅವಳು ಕೇಳುವ ಸ್ಥಿತಿಯಲ್ಲಿದ್ದಿದ್ದರೆ ಇಷ್ಟು ಸಲೀಸಾಗಿ ಕೊಡಲಾಗುತ್ತಿತ್ತೇ ಎಂಬ ಪ್ರಶ್ನೆ ಒಮ್ಮೆ ಹಾದುಹೋಯಿತು. ಆಮ್ಲಜನಕದ ಅಂಕಿ ಸ್ವಲ್ಪ ಇಳಿದಿತ್ತು. ಸರಿಪಡಿಸಿದ.

ಎಲ್ಲ ಸಸೂತ್ರವಾಗಿ ಮುಗಿಯಿತು. ಬಡಗಿ ಕೈಗವಸು ಕಳಚಿ, “ಇನ್ನು ಅಜ್ಜಿ ಓಡ್ತಾರೆ ನೋಡಿ, ನಿಮ್ಮ ಜೊತೆ!” ಎಂದು ಹೊರಗೆ ಹೋದ. ಓಟದ ವಿಷಯ ಬಡಗಿಗೆ ಗೊತ್ತಿತ್ತೇ? ಬಾಗಿಲಾಚೆ ಅಣ್ಣನ ಮಗನ ದನಿ ಕೇಳಿಸಿತು: “ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ ಡಾಕ್ಟ್ರೇ.”

ಮುದುಕಿಯನ್ನು ಚೇತರಿಕೆಯ ಕೋಣೆಗೆ ತಂದರು. ಉದ್ದನೆಯ ಕೋಣೆ, ಖಾಲಿ ಮಂಚಗಳು. ಸಂಜೆಯ ಬೆಳಕು ನೆಲದ ಮೇಲೆ ಕಿಟಕಿಯ ಆಕಾರದಲ್ಲಿ ಬಿದ್ದಿತ್ತು. ಅವನು ಬಾಗಿ ಕರೆದ.

“ಅಮ್ಮಾ, ಕಣ್ಣು ಬಿಡಿ. ಆಪರೇಷನ್ ಆಯ್ತು.”

ಕಣ್ಣು ತೆರೆಯಿತು. ಅವನ ಮೇಲೆ ನಿಂತಿತು. ಮುದುಕಿಯ ಮುಖದಲ್ಲಿ ಏನೋ ನಿಧಾನವಾಗಿ ಬೆಳಗಿತು.

“ಬಂದ್ಯಾ ಚಿಕ್ಕೋನೇ?”

ಮಂಪರಿನಲ್ಲಿರುವವರು ಹೀಗೆ ಮಾತನಾಡುವುದು ಹೊಸದಲ್ಲ. ‘ನಾನು ಡಾಕ್ಟರು ಅಮ್ಮ’ ಎಂದು ಹೇಳಿ, ನಾಲಿಗೆ ಚಾಚಿಸಿ, ಕೈ ಎತ್ತಿಸಿ, ಎಚ್ಚರ ಎಷ್ಟೆಂದು ನೋಡಬೇಕು. ಹೊದಿಕೆಯಡಿಯಿಂದ ಒಣಗಿದ ಕೈಯೊಂದು ಹೊರಬಂದು ಅವನ ಕೈ ಹಿಡಿಯಿತು. ಆ ಹಿಡಿತದ ಬಲಕ್ಕೆ ಅವನು ಬೆರಗಾದ.

“ಬಂದೆ,” ಎಂದ.

“ಬಂದ್ಯಲ್ಲ. ಅಷ್ಟು ಸಾಕು.” ಅವಳ ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆ ಇಳಿಯಿತು. “ನಿನ್ನ ಹೊಟ್ಟೆ ತಣ್ಣಗಿರ್ಲಿ.”

ಯಾರು ಈ ಚಿಕ್ಕವನು? ತಮ್ಮನೋ, ಮಗನೋ, ಎಂದೋ ಬಿಟ್ಟು ಹೋದವನೋ? ಗೊತ್ತಿಲ್ಲದ ಆ ಮನುಷ್ಯನಿಗೆ ಅವನು ಮನಸ್ಸಿನಲ್ಲೇ ವಂದಿಸಿದ. ಅವನು ಬಾರದೇ ಇದ್ದದ್ದರಿಂದ ತಾನೇ ಈ ಜಾಗ ಖಾಲಿ ಉಳಿದದ್ದು.

ಮುದುಕಿ ಮತ್ತೆ ನಿದ್ದೆಗೆ ಜಾರಿದಳು. ಬೆರಳುಗಳು ಸಡಿಲಲಿಲ್ಲ. ಸಿಸ್ಟರ್ ಬಂದು ರಕ್ತದೊತ್ತಡ ಬರೆದುಕೊಂಡಳು.

“ಎಲ್ಲ ಸರಿಯಾಗಿದೆ ಸರ್, ನೀವು ಹೊರಡಿ. ಕೈ ಬಿಡಿಸ್ಕೊಳ್ಳಿ, ಅವ್ರಿಗೇನೂ ಗೊತ್ತಾಗಲ್ಲ. ಎದ್ಮೇಲೆ ನೆನಪೂ ಇರಲ್ಲ.”

“ಇರ್ಲಿ. ಸ್ವಲ್ಪ ಹೊತ್ತು.”

ಸಿಸ್ಟರ್ ಭುಜ ಕುಣಿಸಿ ಹೋದಳು. ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ, ಕೈಯನ್ನು ಅವಳ ಕೈಯಲ್ಲೇ ಬಿಟ್ಟು, ಕೂತ. ಎದೆ ತುಂಬಿತ್ತು. ಇಂದು ಸಿಕ್ಕಿದ್ದೆಲ್ಲ ಎಷ್ಟೊಂದು ಎಂದುಕೊಂಡ.

ಆಗ ಓಡಿ ದಣಿದ ಎಡಗಾಲಿನಲ್ಲಿ ಏನೋ ಅಲುಗಿತು. ಬಗ್ಗಿ ನೋಡಿದ. ಆಸ್ಪತ್ರೆಯ ತೆಳು ಹಸಿರು ಪ್ಯಾಂಟಿನೊಳಗೆ ಮೀನಖಂಡ ತಾನಾಗಿ ಎಗರುತ್ತಿತ್ತು. ಪಾದವನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿದ. ನಿಲ್ಲಲಿಲ್ಲ. ಬಿಡುವಾಗಿದ್ದ ಕೈಯಿಂದ ಅದುಮಿ ಹಿಡಿದ. ಚರ್ಮದಡಿಯಲ್ಲಿ, ನೀರಿನಿಂದ ಎಳೆದು ದಡಕ್ಕೆ ಹಾಕಿದ ಮೀನಿನ ಹಾಗೆ, ಅದು ಅಂಗೈಯನ್ನು ಒದ್ದು ಒದ್ದು ಏಳುತ್ತಿತ್ತು, ಬೀಳುತ್ತಿತ್ತು.